ರಾಯಚೂರಿನ ಬಿಸಿಲು ಕಂಡವರು ಜುಲೈನಲ್ಲಿ ಡೆತ್ ವ್ಯಾಲಿಯಲ್ಲಿ ನಡೆಯಬಹುದೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನಾವು ಐವರು ಗೆಳೆಯರು ಜುಲೈ 4ರ ರಜೆಗೆ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಎರಡು ದಿನ ಚಾರಣ ಮಾಡಬೇಕೆಂದಿದ್ದೇವೆ. ಮೂವರ ಊರು ರಾಯಚೂರು, ಇಬ್ಬರದು ಬಳ್ಳಾರಿ. ಬಿಸಿಲು ನಮಗೆ ಹೊಸದಲ್ಲ. ಹೋಗಬಹುದೇ?

ಉತ್ತರ: ನೋಡಲು ಹೋಗಬಹುದು. ಕಣಿವೆಯ ತಳದಲ್ಲಿ ಹಗಲು ಹೊತ್ತು ನಡೆಯುವುದು ಮಾತ್ರ ಬೇಡ.

ರಾಯಚೂರಿನಲ್ಲಿ ಬೆಳೆದವರಿಗೆ ಬಿಸಿಲನ್ನು ತಡೆದುಕೊಳ್ಳುವುದಕ್ಕಿಂತ ಬಿಸಿಲಿನಿಂದ ತಪ್ಪಿಸಿಕೊಳ್ಳುವುದು ಚೆನ್ನಾಗಿ ಗೊತ್ತಿರುತ್ತದೆ. ಹೊತ್ತೇರುವ ಮೊದಲೇ ಹೊಲದ ಕೆಲಸ, ಮಧ್ಯಾಹ್ನಕ್ಕೆ ಬೇವಿನ ನೆರಳು, ಒಂದು ಚೊಂಬು ಮಜ್ಜಿಗೆ. ಇವು ನಮ್ಮವರನ್ನು ಕಾಪಾಡುತ್ತವೆ. ಡೆತ್ ವ್ಯಾಲಿಯ ತಳದಲ್ಲಿ ಮೈಲಿಗಟ್ಟಲೆ ನಡೆದರೂ ಕೂರಲು ಒಂದು ಮರ ಸಿಗುವುದಿಲ್ಲ. ಇನ್ನೊಂದು ಮಾತು: ಬಿಸಿಲಿಗೆ ಒಗ್ಗಿದ ಮೈ, ತಣ್ಣನೆಯ ಕಚೇರಿಯಲ್ಲಿ ಕೆಲವೇ ವಾರ ಕುಳಿತರೂ ಆ ಒಗ್ಗಿಕೆಯನ್ನು ಕಳೆದುಕೊಳ್ಳುತ್ತದೆ.

ಅಲ್ಲಿನ ಜುಲೈ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 47 ಡಿಗ್ರಿ ಸೆಲ್ಸಿಯಸ್. ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿಯೇ ಇಂದಿಗೂ ಜಗತ್ತಿನ ಅಧಿಕೃತ ದಾಖಲೆ. ನನ್ನನ್ನು ಹೆಚ್ಚು ಹೆದರಿಸುವುದು ಮಾತ್ರ 2024ರ ಜುಲೈ: ರಾತ್ರಿ ಹಗಲು ಸೇರಿಸಿ ಇಡೀ ತಿಂಗಳ ಸರಾಸರಿಯೇ 42.5 ಡಿಗ್ರಿ. ನಮ್ಮೂರಿನಲ್ಲಿ ಮೇ ತಿಂಗಳ ನಡುಮಧ್ಯಾಹ್ನ ಕಾಣುವ ಕಾವು ಅದು. ರಾತ್ರಿಯೂ ಮೈ ತಣಿಯದಿದ್ದರೆ ಮರುದಿನದ ನಡಿಗೆಗೆ ಶಕ್ತಿ ಎಲ್ಲಿಂದ ಬರಬೇಕು?

ಇಷ್ಟು ಕಾವಿಗೆ ಕಾರಣ ನೆಲದ ರಚನೆ. ಕಣಿವೆಯ ತಳದ ಉಪ್ಪಿನ ಬಯಲಾದ ಬ್ಯಾಡ್‌ವಾಟರ್ ಬೇಸಿನ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅದರ ಪಶ್ಚಿಮಕ್ಕೇ 3,368 ಮೀಟರ್ ಎತ್ತರದ ಟೆಲಿಸ್ಕೋಪ್ ಶಿಖರ ನಿಂತಿದೆ. ಕಾದ ಗಾಳಿ ಮೇಲೇರಿ, ಬೆಟ್ಟಗಳ ನಡುವೆ ಸಿಕ್ಕಿಕೊಂಡು, ಮತ್ತೆ ತಳಕ್ಕಿಳಿಯುವಾಗ ಒತ್ತಡಕ್ಕೆ ಇನ್ನಷ್ಟು ಕಾಯುತ್ತದೆ. ಸಹ್ಯಾದ್ರಿಯ ಮರೆಯಲ್ಲಿ ನಮ್ಮ ಬಯಲುಸೀಮೆ ಮಳೆನೆರಳಿಗೆ ಬಿದ್ದಂತೆ ಈ ಕಣಿವೆ ಸಿಯೆರಾ ನೆವಾಡಾ ಮತ್ತು ಅದರಾಚೆಯ ಬೆಟ್ಟಸಾಲುಗಳ ಮಳೆನೆರಳಿನಲ್ಲಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 5 ಸೆಂಟಿಮೀಟರ್ ಮಾತ್ರ.

ನೆಲವಂತೂ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. 1972ರ ಜುಲೈನಲ್ಲಿ ಅಲ್ಲಿ ನೆಲದ ಮೇಲೆ 94 ಡಿಗ್ರಿ ಅಳೆದಿದ್ದಾರೆ. 2024ರ ಜುಲೈನಲ್ಲಿ ಬೆಲ್ಜಿಯಂನ ಪ್ರವಾಸಿಗರೊಬ್ಬರು ಮೆಸ್ಕಿಟ್ ಫ್ಲಾಟ್ ಮರಳದಿಬ್ಬಗಳಲ್ಲಿ ಚಪ್ಪಲಿ ಕಳೆದುಕೊಂಡು, ಅಂಗಾಲು ತೀವ್ರವಾಗಿ ಸುಟ್ಟು ಆಸ್ಪತ್ರೆ ಸೇರಿದರು. ಕಾದ ಗಾಳಿ ತೆಳುವಾಗುವುದರಿಂದ ಹೆಲಿಕಾಪ್ಟರ್ ಅಲ್ಲಿ ಇಳಿಯಲಾಗಲಿಲ್ಲ. ಎತ್ತರದ ಜಾಗದವರೆಗೆ ಅವರನ್ನು ಆಂಬುಲೆನ್ಸ್‌ನಲ್ಲಿ ಸಾಗಿಸಬೇಕಾಯಿತು. ದಯವಿಟ್ಟು ಈ ಘಟನೆಯನ್ನು ನಿಮ್ಮ ಗೆಳೆಯರಿಗೂ ಓದಿ ಹೇಳಿ.

ಜುಲೈನಲ್ಲೇ ರಜೆಯಿದೆ ಎಂದಾದರೆ ಎತ್ತರಕ್ಕೆ ಹೋಗಿ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ನಂತರ ತಗ್ಗಿನಲ್ಲಿ ನಡೆಯಬೇಡಿ ಎಂದು ಉದ್ಯಾನದವರೇ ಹೇಳುತ್ತಾರೆ. ವೈಲ್ಡ್‌ರೋಸ್ ಶಿಖರದ ದಾರಿ ಸುಮಾರು 2,000 ಮೀಟರ್ ಎತ್ತರದಲ್ಲಿ, 1877ರಲ್ಲಿ ಕಟ್ಟಿದ ಹತ್ತು ಇದ್ದಿಲು ಗೂಡುಗಳ ಬಳಿ ಶುರುವಾಗುತ್ತದೆ. ಹೋಗಿ ಬರಲು 13 ಕಿಲೋಮೀಟರ್ ದಾಟುತ್ತದೆ, ದಾರಿಯಲ್ಲಿ ಮರಗಳ ನೆರಳಿದೆ. ಕಾರಿನಲ್ಲೇ ತಲುಪುವ ಡಾಂಟೆಸ್ ವ್ಯೂ 1,669 ಮೀಟರ್ ಎತ್ತರದಲ್ಲಿದೆ. ತಳಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪು. ಉಪ್ಪಿನ ಬಯಲು ಪೂರ್ತಿಯಾಗಿ ಕಾಣುವುದು ಅಲ್ಲಿಂದಲೇ.

ನೀರು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್. ನಡೆಯುವುದಾದರೆ ಇನ್ನೂ ಹೆಚ್ಚು, ಕಾರಿನಲ್ಲಿ ಬೇರೆ ದಾಸ್ತಾನು. ಬರೀ ನೀರು ಕುಡಿಯುತ್ತಿದ್ದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತುತ್ತದೆ. ಡಬ್ಬಿಯಲ್ಲಿ ಚಕ್ಕುಲಿ, ಉಪ್ಪು ಹಾಕಿದ ಕಡಲೆಕಾಯಿ ಇರಲಿ. ಮೊಬೈಲ್ ಸಿಗ್ನಲ್ ಬಹುತೇಕ ಕಡೆ ಇಲ್ಲ; ನಕ್ಷೆಯನ್ನು ಕಾಗದದಲ್ಲಿ ಒಯ್ಯಿರಿ.

ಗುಂಪಿನಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಬಿಸಿಲು ತಾಗಿದವರು ಸಾಮಾನ್ಯವಾಗಿ ದೂರುವುದಿಲ್ಲ. ಮಾತು ಕಡಿಮೆಯಾಗುತ್ತದೆ, ಹೆಜ್ಜೆ ಹಿಂದೆ ಬೀಳುತ್ತದೆ. ಐವರಲ್ಲಿ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಹರಟುತ್ತಿದ್ದ ಗೆಳೆಯ ಇದ್ದಕ್ಕಿದ್ದಂತೆ ಸುಮ್ಮನಾದರೆ ಅಲ್ಲಿಂದಲೇ ಎಲ್ಲರೂ ಹಿಂದಿರುಗಿ. ಮಾತು ತೊದಲಿದರೆ, ಗೊಂದಲ ಕಂಡರೆ ಅದು ಜೀವಕ್ಕೇ ಅಪಾಯ: ನೆರಳು ಮಾಡಿ, ಮೈಗೆ ನೀರು ಸುರಿದು ಗಾಳಿ ಹಾಕುತ್ತಿರಿ, ಒಬ್ಬರು ತುರ್ತು ನೆರವು ತರಲು ಹೊರಡಲಿ.

ರಜೆಯನ್ನು ಮುಂದೂಡಲು ಸಾಧ್ಯವಿದ್ದರೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಯಾವುದಾದರೂ ವಾರ ಆರಿಸಿ. ಆಗ ಗೋಲ್ಡನ್ ಕ್ಯಾನಿಯನ್‌ನ ಹಳದಿ ಗೋಡೆಗಳ ನಡುವೆ ರೆಡ್ ಕೆಥೀಡ್ರಲ್‌ವರೆಗೆ ಹೋಗಿ ಬರುವ ಸುಮಾರು 5 ಕಿಲೋಮೀಟರ್ ನಡಿಗೆ ನಿಜಕ್ಕೂ ಸುಖ. ಬೆಳಿಗ್ಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಜಬ್ರಿಸ್ಕಿ ಪಾಯಿಂಟ್‌ನಲ್ಲಿರಿ. ಬೆಳಕು ಮೊದಲು ಕಣಿವೆಯಾಚೆಯ ಪ್ಯಾನಮಿಂಟ್ ಶಿಖರಗಳನ್ನು ಮುಟ್ಟಿ, ನಿಧಾನವಾಗಿ ಇಳಿಯುತ್ತ, ಕೊನೆಗೆ ನಿಮ್ಮ ಕಾಲಬುಡದ ಮಣ್ಣಿನ ಮಡಿಕೆಗಳಿಗೆ ಬರುತ್ತದೆ. ಸ್ವೆಟರ್ ಮರೆಯಬೇಡಿ, ಆ ಹೊತ್ತಿನಲ್ಲಿ ಅಲ್ಲಿ ಚಳಿಯಿರುತ್ತದೆ.