ನಾನ್‌ಲೀನಿಯರ್ ಅಂದರೆ ಗೊಂದಲ ಅಂತಲೇ ಅರ್ಥವೇ?

ಪ್ರಶ್ನೆ: ಸಮೀಕರಣ ನಾನ್‌ಲೀನಿಯರ್ ಆದರೆ ಎಲ್ಲವೂ ಅಸ್ತವ್ಯಸ್ತ ಆಗುತ್ತದಂತೆ. ಹೌದಾ?

ಉತ್ತರ: ಎಷ್ಟೋ ಸಲ ಹೌದು, ಯಾವಾಗಲೂ ಅಲ್ಲ. ನನಗಂತೂ ಆ 'ಅಲ್ಲ'ದ ಕಡೆಯೇ ಒಲವು ಜಾಸ್ತಿ.

ಸ್ಪ್ರಿಂಗನ್ನು ಎರಡರಷ್ಟು ಎಳೆದರೆ ಅದೂ ಎರಡರಷ್ಟು ಬಲದಿಂದ ನಮ್ಮನ್ನು ಎಳೆಯುತ್ತದೆ. ಇದು ಲೀನಿಯರ್. ತೀರಾ ಎಳೆದರೆ ಈ ಲೆಕ್ಕ ತಪ್ಪುತ್ತದೆ. ಅಲ್ಲಿಂದಾಚೆ ನಾನ್‌ಲೀನಿಯರ್.

1834ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ಹತ್ತಿರದ ಕಾಲುವೆಯೊಂದರಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿ ತಟ್ಟನೆ ನಿಂತಿತು. ಅದರ ಮೂತಿಯ ಬಳಿ ಸೇರಿದ್ದ ನೀರು ಮಾತ್ರ ನಿಲ್ಲಲಿಲ್ಲ. ಅಡಿ, ಒಂದೂವರೆ ಅಡಿ ಎತ್ತರ, ಸುಮಾರು 30 ಅಡಿ ಉದ್ದದ ನುಣುಪಾದ ದಿಬ್ಬವಾಗಿ ಮುಂದಕ್ಕೆ ಹೊರಟೇಬಿಟ್ಟಿತು. ಅದನ್ನು ನೋಡುತ್ತಿದ್ದ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆ ಮೇಲೆ ಹಿಂದೆಯೇ ಹೋದರು. ಒಂದೆರಡು ಮೈಲಿ ಹೋದ ಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಕಣ್ತಪ್ಪಿತು.

ಮಾಮೂಲಿ ದಿಬ್ಬವಾಗಿದ್ದರೆ ಬೇಗ ಹರಡಿ ಚಪ್ಪಟೆಯಾಗಬೇಕಿತ್ತು ಅಲ್ವಾ? ಅದರೊಳಗಿನ ಉದ್ದ ಅಲೆ ಮುಂದೆ ಓಡುತ್ತದೆ, ಗಿಡ್ಡ ಅಲೆ ಹಿಂದೆ ಬೀಳುತ್ತದೆ. ಇತ್ತ ನಾನ್‌ಲೀನಿಯರ್ ಗುಣ ಬೇರೆ ಕೆಲಸ ಮಾಡುತ್ತದೆ: ಎತ್ತರದ ನೀರು ಜೋರಾಗಿ ಸಾಗಿ ಮುಂಭಾಗವನ್ನು ಕಡಿದಾಗಿಸುತ್ತದೆ. ಒಂದು ಹರಡುತ್ತದೆ, ಇನ್ನೊಂದು ಒಟ್ಟುಗೂಡಿಸುತ್ತದೆ. ಎರಡೂ ಸರಿಸಮವಾದಾಗ ಆಕಾರ ಹಾಗೇ ಉಳಿಯುತ್ತದೆ. ಇದನ್ನು ಹಿಡಿದಿಡುವ ಸಮೀಕರಣವನ್ನು ಡಚ್ ಗಣಿತಜ್ಞರಾದ ಕೋರ್ಟೆವೆಗ್ ಮತ್ತು ಡಿ ವ್ರೀಸ್ 1895ರಲ್ಲಿ ಬರೆದರು.

1950ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ವಿಜ್ಞಾನಿಗಳಾದ ಫರ್ಮಿ, ಪಾಸ್ತಾ, ಉಲಾಮ್ ಮತ್ತು ಮೇರಿ ಸಿಂಗು ಸಾಲಾಗಿ ಜೋಡಿಸಿದ ನಾನ್‌ಲೀನಿಯರ್ ಸ್ಪ್ರಿಂಗುಗಳನ್ನು ಕಂಪ್ಯೂಟರಿನಲ್ಲಿ ಕುಣಿಸಿ ನೋಡಿದರು. ಒಂದೇ ಬಗೆಯ ಕಂಪನಕ್ಕೆ ಕೊಟ್ಟ ಶಕ್ತಿ ಎಲ್ಲ ಬಗೆಯ ಕಂಪನಗಳಿಗೂ ಹಂಚಿಹೋಗುತ್ತದೆ ಅಂದುಕೊಂಡಿದ್ದರು. ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಟಲ್ಲಿಗೇ ವಾಪಸ್ ಬಂತು! ಪ್ರೋಗ್ರಾಂ ಬರೆದ ಸಿಂಗು ಅವರ ಹೆಸರು ಲೇಖಕರ ಸಾಲಿಗೆ ಸೇರಲಿಲ್ಲ. ನನಗದು ಇವತ್ತಿಗೂ ಬೇಸರ.

1965ರಲ್ಲಿ ಝಬುಸ್ಕಿ ಮತ್ತು ಕ್ರಸ್ಕಲ್ ಎಂಬ ಇಬ್ಬರು ವಿಜ್ಞಾನಿಗಳು ಇದೇ ಗಂಟನ್ನು ಬಿಡಿಸಲು ಹೊರಟು 1895ರ ಆ ಅಲೆ ಸಮೀಕರಣಕ್ಕೇ ಬಂದು ಮುಟ್ಟಿದರು. ಆ ಸಮೀಕರಣದಲ್ಲಿ ಎತ್ತರದ ದಿಬ್ಬ ಗಿಡ್ಡ ದಿಬ್ಬವನ್ನು ಹಿಂದಿನಿಂದ ಬಂದು ಹಾಯುತ್ತದೆ. ಸ್ವಲ್ಪ ಹೊತ್ತು ಎರಡೂ ಬೆರೆಯುತ್ತವೆ. ಆಮೇಲೆ ನೋಡಿದರೆ ಎರಡೂ ತಮ್ಮ ತಮ್ಮ ಆಕಾರದಲ್ಲೇ ಇವೆ, ಇರಬೇಕಾದ ಜಾಗದಿಂದ ತುಸು ಸರಿದಿವೆ ಅಷ್ಟೇ. ಅವಕ್ಕೆ 'ಸಾಲಿಟಾನ್' ಎಂದು ಹೆಸರಿಟ್ಟರು. ಈ ಸಮೀಕರಣದಲ್ಲಿ ಒಟ್ಟು ಶಕ್ತಿಯ ಹಾಗೆ ಎಂದೂ ಬದಲಾಗದ ಮೊತ್ತಗಳು ಲೆಕ್ಕವಿಲ್ಲದಷ್ಟಿವೆ. ಅವೇ ಅಲೆಯನ್ನು ಕಟ್ಟಿಹಾಕುತ್ತವೆ, ಗೊಂದಲಕ್ಕೆ ಜಾಗ ಉಳಿಯುವುದಿಲ್ಲ. ಇಂಥ ಸಮೀಕರಣಗಳನ್ನು ಇಂಟೆಗ್ರಬಲ್ ಅನ್ನುತ್ತಾರೆ. ಇವು ಅಪರೂಪ. ಸಮೀಕರಣವನ್ನು ತುಸು ಬದಲಿಸಿದರೂ ಸಾಮಾನ್ಯವಾಗಿ ಡಿಕ್ಕಿಯಾದಾಗ ಸಣ್ಣ ಸಣ್ಣ ಅಲೆಗಳಾಗಿ ಶಕ್ತಿ ಸೋರತೊಡಗುತ್ತದೆ.

ಇಷ್ಟು ಅಚ್ಚುಕಟ್ಟು ಇಲ್ಲದ ಕಡೆಯೂ ಶಕ್ತಿ ಗುಂಪಾಗಿ ನಿಲ್ಲಬಹುದು. ಅಸೆಟನಿಲೈಡ್ ಎಂಬ ಸಾವಯವ ವಸ್ತುವಿನ ಹರಳನ್ನು ತಣ್ಣಗೆ ಮಾಡುತ್ತಾ ಹೋದರೆ ಅದರ ಇನ್‌ಫ್ರಾರೆಡ್ ರೋಹಿತದಲ್ಲಿ (ಯಾವ ಯಾವ ಇನ್‌ಫ್ರಾರೆಡ್ ಬೆಳಕನ್ನು ಅದು ಹೀರುತ್ತದೆ ಎಂಬ ಪಟ್ಟಿಯಲ್ಲಿ) ಹೊಸ ಗೆರೆಯೊಂದು ಬಲವಾಗುತ್ತದೆ. ಅದಕ್ಕೆ ಕೊಡುವ ವಿವರಣೆ ಹೀಗಿದೆ: ಕಾರ್ಬನ್–ಆಕ್ಸಿಜನ್ ಬಂಧ ಕಂಪಿಸುವಾಗ ಸುತ್ತಲಿನ ಹರಳನ್ನು ಕೊಂಚ ಜಗ್ಗುತ್ತದೆ, ಹಾಗೆ ಜಗ್ಗಿದ ಜಾಗವೇ ಕಂಪನಕ್ಕೆ ಗುಂಡಿಯಾಗಿ ಅದು ಅಲ್ಲೇ ಕೂರುತ್ತದೆ.