ಹೊಸ ಡಿಸ್ಕ್ ಹಾಕಿದ್ದೀರಿ, ಹಳೆಯದು ಎಲ್ಲಿದೆ?

‘ಡಿಸ್ಕ್ ಬದಲಾಯಿಸಿದ್ದಾಯಿತು ಸರ್, ಆದರೆ ಡೇಟಾ ಕಾಣುತ್ತಿಲ್ಲ.’ ಸರ್ವರ್ ನೋಡಿಕೊಳ್ಳುವವರಿಂದ ಬರುವ ಕರೆಗಳಲ್ಲಿ ಇಷ್ಟು ರೇಗಿಸುವ ಮಾತು ಇನ್ನೊಂದಿಲ್ಲ. ಹಳೆಯ ಡಿಸ್ಕ್ ಎಲ್ಲಿ ಎಂದು ಕೇಳಿದರೆ, ವಾರಂಟಿಗೆ ಕಳುಹಿಸಿಯೂ ಆಯಿತು ಎನ್ನುತ್ತಾರೆ. ಅದೂ ಹೆಮ್ಮೆಯಿಂದ.

ಲಿನಕ್ಸ್‌ನಲ್ಲಿ ಹಲವು ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿ ಹಂಚಿಕೊಡುವ ವ್ಯವಸ್ಥೆಯೇ ಎಲ್‌ವಿಎಂ. ಅದರಲ್ಲಿ ನಾಲ್ಕು ಡಿಸ್ಕ್‌ಗಳನ್ನು ಒಂದು ವಾಲ್ಯೂಮ್ ಗ್ರೂಪ್‌ಗೆ ಸೇರಿಸಿದರೆ, ಒಂದು ಹೋದರೂ ಉಳಿದ ಮೂರು ಕಾಪಾಡುತ್ತವೆ ಎಂದು ಅನೇಕರು ನಂಬಿದ್ದಾರೆ. ಕಾಪಾಡುವುದಿಲ್ಲ. ವಾಲ್ಯೂಮ್ ಗ್ರೂಪ್ ಜಾಗವನ್ನು ಕೂಡಿಸುತ್ತದೆ, ಅಷ್ಟೇ. ನೀವು ಕೇಳಿದ ಹೊರತು ಎರಡನೆಯ ಪ್ರತಿಯನ್ನು ಅದು ಎಲ್ಲಿಯೂ ಇಡುವುದಿಲ್ಲ. ಏನೂ ಹೇಳದೆ ಆ ಜಾಗದಿಂದ ಲಾಜಿಕಲ್ ವಾಲ್ಯೂಮ್ (ಬಳಕೆಗೆ ಕತ್ತರಿಸಿಕೊಂಡ ಪಾಲು) ಮಾಡಿದರೆ ಅದು ಲೀನಿಯರ್ ಬಗೆಯದು: ಸಾಮಾನ್ಯವಾಗಿ 4 ಎಂಬಿಯ ತುಂಡುಗಳು, ಒಂದರ ಹಿಂದೆ ಒಂದು, ಪ್ರತಿ ತುಂಡೂ ಒಂದೇ ಡಿಸ್ಕ್‌ನಲ್ಲಿ. ಜಾಗ ಸಾಲದಾದಾಗಲೆಲ್ಲ ಹಿಗ್ಗಿಸುತ್ತಾ ಹೋದರೆ ಅದೇ ವಾಲ್ಯೂಮ್ ಎರಡನೆಯ, ಮೂರನೆಯ ಡಿಸ್ಕ್‌ಗೂ ಹರಡುತ್ತದೆ.

‘ಹಾಗಾದರೆ ಕಾಲು ಭಾಗ ಮಾತ್ರ ಹೋಯಿತಲ್ಲ, ಉಳಿದ ಮುಕ್ಕಾಲು ಕೊಡಿ’ ಎನ್ನುವುದು ಮುಂದಿನ ವಾದ. ಇಲ್ಲಿಯೇ ನಾನು ಸೋಲುವುದು. ಖಾತೆ ಪುಸ್ತಕವನ್ನು ಬಿಚ್ಚಿ ಹಾಳೆಗಳನ್ನು ನಾಲ್ಕು ಪೆಟ್ಟಿಗೆಗಳಲ್ಲಿ ಇಟ್ಟಿದ್ದೀರಿ. ಯಾವ ಹಾಳೆ ಎಲ್ಲಿದೆ ಎಂಬ ಪಟ್ಟಿಯ ಪುಟಗಳೂ ಅವುಗಳ ನಡುವೆಯೇ ಚದುರಿವೆ. ಕಡತ ವ್ಯವಸ್ಥೆ ಎಕ್ಸ್‌ಎಫ್‌ಎಸ್ ಆಗಲಿ ಎಕ್ಸ್‌ಟಿ4 ಆಗಲಿ, ಇನೋಡ್‌ಗಳನ್ನು, ಅಂದರೆ ಆ ಪಟ್ಟಿಯ ಪುಟಗಳನ್ನು, ವಾಲ್ಯೂಮ್‌ನ ಉದ್ದಕ್ಕೂ ಹಂಚಿ ಇಡುತ್ತದೆ. ನಡುವಿನ ಡಿಸ್ಕ್ ಕಾಣೆಯಾದರೆ ಕಡತ ವ್ಯವಸ್ಥೆ ಮೌಂಟ್ ಆಗದೆಯೂ (ತೆರೆದುಕೊಳ್ಳದೆಯೂ) ಇರಬಹುದು. ಖಾಲಿ ಹೊಸ ಡಿಸ್ಕ್‌ಗೆ ಇದಾವುದೂ ತಿಳಿಯದು.

ಆದ್ದರಿಂದ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ‘ಎಲ್‌ವಿಎಸ್’ ಆದೇಶದಲ್ಲಿ ಎರಡು ಕಾಲಂ ನೋಡಿ: ಸೆಗ್‌ಮೆಂಟ್‌ನ (ವಾಲ್ಯೂಮ್‌ನ ಭಾಗದ) ಬಗೆ ಮತ್ತು ಅದು ಕುಳಿತಿರುವ ಡಿಸ್ಕ್‌ಗಳು. ರೇಡ್1 (ಒಂದೇ ಡೇಟಾದ ಕನ್ನಡಿ ಪ್ರತಿ ಇನ್ನೊಂದು ಡಿಸ್ಕ್‌ನಲ್ಲೂ ಇರುವ ಬಗೆ) ಎಂದಿದ್ದರೆ ಚಹಾ ಕುಡಿದು ಬನ್ನಿ. ಹೊಸ ಡಿಸ್ಕ್ ಅನ್ನು ಗ್ರೂಪ್‌ಗೆ ಸೇರಿಸಿ, ‘ಎಲ್‌ವಿಕನ್ವರ್ಟ್’ನ ರಿಪೇರ್ ಓಡಿಸಿ, ನಕಲು ನೂರಕ್ಕೆ ನೂರು ಆಗುವವರೆಗೆ ಕಾಯಿರಿ. ಎಲ್‌ವಿಎಂನ ಕೆಳಗೆ ಎಂಡಿ (ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್) ಅಥವಾ ಹಾರ್ಡ್‌ವೇರ್ ರೇಡ್ ಇದ್ದರೆ ಬದಲಾವಣೆ ಆ ಪದರದಲ್ಲೇ ಮುಗಿಯುತ್ತದೆ, ಎಲ್‌ವಿಎಂಗೆ ಸುದ್ದಿಯೂ ಮುಟ್ಟುವುದಿಲ್ಲ.

ಲೀನಿಯರ್ ಎಂದಿದ್ದು, ಡಿಸ್ಕ್ ಇನ್ನೂ ಉಸಿರಾಡುತ್ತಿದ್ದರೆ, ದಯವಿಟ್ಟು ಅದನ್ನು ಕೀಳಬೇಡಿ. ನಿಮ್ಮ ಡೇಟಾದ ಆ ಭಾಗ ಇರುವುದು ಅಲ್ಲಿ ಮಾತ್ರ. ಓದು ಇನ್ನೂ ಸರಾಗವಾಗಿದ್ದರೆ, ಹೊಸ ಡಿಸ್ಕ್ ಸೇರಿಸಿ, ಹಳೆಯದರ ತುಂಡುಗಳನ್ನು ಅದಕ್ಕೆ ಸಾಗಿಸುವ ‘ಪಿವಿಮೂವ್’ ಮಾಡಬಹುದು. ಸರ್ವರ್ ನಿಲ್ಲಿಸುವ ಅಗತ್ಯವಿಲ್ಲ. ಓದುವಾಗಲೇ ದೋಷ ಬರುತ್ತಿದ್ದರೆ, ಡಿಸ್ಕ್‌ನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯಲ್ಲಿ ಪೆಂಡಿಂಗ್ (ಓದಲಾಗದೆ ಉಳಿದ) ಸೆಕ್ಟರ್‌ಗಳು ಏರುತ್ತಿದ್ದರೆ, ಪಿವಿಮೂವ್ ನಡುವೆ ಕೈಕೊಡುತ್ತದೆ. ಆಗ ಯಂತ್ರ ನಿಲ್ಲಿಸಿ, ಅಷ್ಟೇ ಅಥವಾ ಹೆಚ್ಚು ಗಾತ್ರದ ಡಿಸ್ಕ್‌ಗೆ ಓದಲು ಬರುವಷ್ಟನ್ನೂ ನಕಲಿಸುವ ‘ಡಿಡಿರೆಸ್ಕ್ಯೂ’ ಮೂಲಕ ಪ್ರತಿ ತೆಗೆಯುವುದು ಮೇಲು. ಎಲ್‌ವಿಎಂ ಡಿಸ್ಕ್ ಅನ್ನು ಗುರುತಿಸುವುದು ಅದರ ಮೇಲೆ ಬರೆದ ಯುಯುಐಡಿ ಎಂಬ ಗುರುತಿನ ಸಂಖ್ಯೆಯಿಂದ. ಹಾಗಾಗಿ ಸಾಮಾನ್ಯವಾಗಿ ಪ್ರತಿಯನ್ನೇ ಮೂಲವೆಂದು ಒಪ್ಪಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಜೋಡಿಸಿ ಬೂಟ್ ಮಾಡಿದರೆ ಮಾತ್ರ ಗೊಂದಲ. ನಿಮ್ಮ ಯಂತ್ರಕ್ಕೆ ಯಾವ ದಾರಿ ಎಂದು ನೋಡದೆ ಹೇಳಲಾರೆ. ಪೂರ್ತಿ ಸತ್ತಿದ್ದರೆ ಬ್ಯಾಕಪ್ ಹುಡುಕಿ; ಇಲ್ಲದಿದ್ದರೆ ದುಬಾರಿ ಪ್ರಯೋಗಾಲಯ.

ಇನ್ನು ಕಾಣೆಯಾದ ಡಿಸ್ಕ್ ಅನ್ನು ಗ್ರೂಪ್‌ನಿಂದ ಕೈಬಿಡುವ ‘ವಿಜಿರೆಡ್ಯೂಸ್’ ಆದೇಶದ ರಿಮೂವ್‌ಮಿಸ್ಸಿಂಗ್. ಕಾಣೆಯಾದ ಡಿಸ್ಕ್ ಮೇಲೆ ವಾಲ್ಯೂಮ್‌ನ ಚೂರು ಇದ್ದರೆ ಇದು ಒಲ್ಲೆ ಎನ್ನುತ್ತದೆ, ಫೋರ್ಸ್ ಸೇರಿಸಬಹುದು ಎಂದೂ ಸೂಚಿಸುತ್ತದೆ. ಜನ ಕಣ್ಣು ಮುಚ್ಚಿ ಸೇರಿಸುತ್ತಾರೆ. ಫೋರ್ಸ್ ಅಳಿಸುವುದು ಸತ್ತ ಡಿಸ್ಕ್‌ನ ಹೆಸರನ್ನಷ್ಟೇ ಅಲ್ಲ, ಅದರ ಮೇಲೆ ಒಂದು ತುಂಡಾದರೂ ಇದ್ದ ಲೀನಿಯರ್ ವಾಲ್ಯೂಮನ್ನು ಇಡಿಯಾಗಿ.

ಒಂದು ಮುದ್ರಣಾಲಯದಲ್ಲಿ ಹೀಗೇ ಆಗಿತ್ತು. ಸರ್ವರ್ ನೋಡಿಕೊಳ್ಳುತ್ತಿದ್ದವನು ಚುರುಕು ಹುಡುಗ, ಅಚ್ಚು ಯಂತ್ರ ಕೆಟ್ಟರೂ ಅವನನ್ನೇ ಕರೆಯುತ್ತಿದ್ದರು. ಲಗ್ನಪತ್ರಿಕೆಗಳ ಕಾಲ, ಮಾಲೀಕರು ತಲೆಯ ಮೇಲೆ ನಿಂತಿದ್ದರು, ಅವನು ಫೋರ್ಸ್ ಒತ್ತಿದ. ನಾನು ಹೋಗಿ ನೋಡಿದರೆ ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಸಾಟಾ ಕೇಬಲ್ ಸಡಿಲವಾಗಿತ್ತು. ಅಳಿಸಿದ ಮೇಲೆ ಗ್ರೂಪ್‌ನಲ್ಲಿ ಹೊಸ ವಾಲ್ಯೂಮ್ ಮಾಡಿರಲಿಲ್ಲ, ಏನನ್ನೂ ಬರೆದಿರಲಿಲ್ಲ. ಇಟಿಸಿ ಎಂಬ ಫೋಲ್ಡರ್‌ನೊಳಗಿನ ಎಲ್‌ವಿಎಂನ ಆರ್ಕೈವ್ ಫೋಲ್ಡರ್‌ನಲ್ಲಿ ಆ ಆದೇಶಕ್ಕಿಂತ ಮೊದಲಿನ ವಿನ್ಯಾಸ ಉಳಿದಿತ್ತು. ಕೇಬಲ್ ಸರಿಪಡಿಸಿ, ‘ವಿಜಿಸಿಎಫ್‌ಜಿರಿಸ್ಟೋರ್’ಗೆ ಆ ಕಡತ ಕೊಟ್ಟಾಗ ವಾಲ್ಯೂಮ್ ಮರಳಿತು. ಮಾಲೀಕರು ಆ ಹುಡುಗನನ್ನು ಬೈದದ್ದು ನನಗೆ ಹಿಡಿಸಲಿಲ್ಲ. ಕನ್ನಡಿ ಪ್ರತಿಗೆ ಇನ್ನೊಂದು ಡಿಸ್ಕ್ ಬೇಕೆಂದು ಅವನು ಕೇಳಿದ್ದಾಗ ಖರ್ಚು ಎಂದವರು ಅವರೇ. ಆರ್ಕೈವ್ ಫೋಲ್ಡರ್‌ನ ಒಂದು ಪ್ರತಿ ಬೇರೆ ಯಂತ್ರದಲ್ಲೂ ಇರಲಿ. ಅದು ಡೇಟಾದ ಬ್ಯಾಕಪ್ ಅಲ್ಲ, ನಕ್ಷೆ ಮಾತ್ರ.

ಕೊನೆಗೆ, ಲಿನಕ್ಸ್ ಡಿಸ್ಕ್‌ಗೆ ಕೊಡುವ ಎಸ್‌ಡಿಬಿ ಎಂಬಂಥ ಹೆಸರನ್ನು ನಂಬಿ ಟ್ರೇ ಎಳೆಯಬೇಡಿ. ರೀಬೂಟ್ ಆದ ಮೇಲೆ ಅದು ಬೇರೆ ಡಿಸ್ಕ್‌ನ ಹೆಸರಾಗಿರಬಹುದು. ಎಲ್ಲ ಡಿಸ್ಕ್‌ಗಳೂ ಚೆನ್ನಾಗಿರುವಾಗಲೇ ‘ಎಲ್‌ಎಸ್‌ಬಿಎಲ್‌ಕೆ’ಯಿಂದ ಸೀರಿಯಲ್ ಸಂಖ್ಯೆಗಳನ್ನು ತೆಗೆದು, ಚೀಟಿಯಲ್ಲಿ ಬರೆದು ಆಯಾ ಟ್ರೇಗೆ ಅಂಟಿಸಿ. ಕೊನೆಯ ನಾಲ್ಕು ಅಕ್ಷರಗಳಿದ್ದರೂ ಸಾಕು.