ವಾಲಿಯ ಚಿತಾಭಸ್ಮವೋ, ದೊಡ್ಡಿಯ ಸಗಣಿಯೋ?

ಪ್ರಶ್ನೆ: ಹಂಪಿ ಹತ್ತಿರದ ನಿಂಬಾಪುರದಲ್ಲಿರುವುದು ವಾಲಿಯನ್ನು ಸುಟ್ಟ ಬೂದಿ ಅಂತ ಕೇಳಿದ್ದೇವೆ. ಪುರಾತತ್ವದವರು ದನದ ಸಗಣಿ ಅನ್ನುತ್ತಾರೆ. ಆಧಾರವೇನು?

ಉತ್ತರ: ಸಗಣಿ ಎಂಬ ಮಾತು ಹಳೆಯದು. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನೂ (ನಿಂಬಾಪುರದಲ್ಲಿರುವಂಥ, ಹೊಸ ಶಿಲಾಯುಗದ ಬೂದಿ ಗುಡ್ಡೆಗಳನ್ನು) ನೋಡಿದ್ದರು. ದನ ಕೂಡುತ್ತಿದ್ದ ದೊಡ್ಡಿಯಲ್ಲಿ ಗುಡ್ಡೆಬಿದ್ದ ಸಗಣಿ ಸುಟ್ಟಿದೆ ಎಂದರು. ಲೋಹ ಕರಗಿಸಿದ ಕಿಟ್ಟ ಎಂದವರೂ ಇದ್ದರು. ಅನುಮಾನ ಬರುವುದು ಸಹಜ, ಏಕೆಂದರೆ ಕೆಲವು ಪದರ ಗಾಜಿನಂತೆ ಕರಗಿ ಗಟ್ಟಿಯಾಗಿದೆ.

ಕರಗಿದ್ದು ಹೇಗೆ? ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ದನ ಮೇದಾಗ ಅದು ಸಗಣಿಗೆ ಬರುತ್ತದೆ. ಸಗಣಿಯ ಕ್ಷಾರ ಜತೆಗೂಡಿದರೆ ಸಿಲಿಕಾ ಕಡಿಮೆ ಶಾಖಕ್ಕೇ ಕರಗುತ್ತದೆ. ಹಾಗಾಗಿ ಆ ಗಟ್ಟಿ ಪದರದ ತುಂಡು ಹಗುರ, ಒಳಗೆಲ್ಲ ಗುಳ್ಳೆ. ಕಬ್ಬಿಣದ ಕಿಟ್ಟ ಕೈಗೆತ್ತಿಕೊಂಡರೆ ಭಾರ ಗೊತ್ತಾಗುತ್ತದೆ. ಸೂಕ್ಷ್ಮದರ್ಶಕದಡಿ ಹುಲ್ಲಿನ ಸಿಲಿಕಾ ಕಣಗಳೂ ಕಾಣುತ್ತವೆ.

ಖಚಿತ ಸಾಕ್ಷಿ ಸಿಕ್ಕಿದ್ದು ಉತ್ಖನನದಲ್ಲಿ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳೂ ದನದ ಗೊರಸಿನ ಗುರುತುಗಳೂ ಸಿಕ್ಕವು. ದನವೇ ಇಲ್ಲದ ಚಿತೆಗೆ ಗೊರಸು ಎಲ್ಲಿಂದ ಬರಬೇಕು?

ಜಗಳ ಉಳಿದಿರುವುದು ‘ಏಕೆ ಸುಟ್ಟರು’ ಎಂಬಲ್ಲಿ. ಹಬ್ಬದ ಆಚರಣೆ ಎಂಬುದು ಆಲ್ಚಿನ್ ಊಹೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದಾಗ ಬೂದಿಯ ಪಕ್ಕದಲ್ಲೇ ಮನೆಗಳು, ಮಕ್ಕಳ ಸಮಾಧಿ, ಚರ್ಟ್ ಎಂಬ ಗಟ್ಟಿ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಸಿಕ್ಕವು. ಅಂದರೆ ಇದು ಬರೀ ದೊಡ್ಡಿಯಲ್ಲ, ಊರು.

ಫೂಟ್ ಅವರ ಕೊರತೆಯನ್ನೂ ಹೇಳಬೇಕು. ಅವರು ಹೆಚ್ಚಾಗಿ ನೆಲದ ಮೇಲೆ ಸಿಕ್ಕಿದ್ದನ್ನು ಹೆಕ್ಕಿದರು. ಯಾವ ಊರಿನದೆಂದು ಬರೆದಿಟ್ಟರು, ಯಾವ ಪದರದ್ದೆಂಬುದು ಇಲ್ಲ. ಹಾಗೆ ಹೆಕ್ಕಿದ ಕಲ್ಲಿನ ಕೊಡಲಿಯ ಕಾಲ ಹೇಳಲು ಆಕಾರವೊಂದೇ ಗತಿ. 1904ರಲ್ಲಿ ಆ ಸಂಗ್ರಹ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಾರಾಟವಾಯಿತು. ಬಳ್ಳಾರಿಯ ಕಲ್ಲು ನೋಡಲು ಚೆನ್ನೈಗೆ ಹೋಗಬೇಕೆ ಎಂಬ ಗೊಣಗಾಟ ತಪ್ಪೇನಲ್ಲ. ಈಗ ಬಳ್ಳಾರಿಯಲ್ಲಿ ಅವರದೇ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ.

ಅದಕ್ಕಿಂತ ದೊಡ್ಡ ನಷ್ಟ ದಿಬ್ಬಗಳಲ್ಲೇ ಆಗುತ್ತಿದೆ. ಬೂದಿ ಹೊಲಕ್ಕೆ ಒಳ್ಳೆ ಗೊಬ್ಬರ, ಬಂಡಿಗಟ್ಟಲೆ ಹೋಗಿದೆ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ಕಲ್ಲುಗಣಿಗಾರಿಕೆ ನಡೆದಿದೆ. ದಿಬ್ಬ ನೋಡಲು ಹೋದರೆ ಕಡಿದ ಅಂಚಿನಿಂದ ತುಂಡು ಕೀಳಬೇಡಿ. ಪದರಗಳ ಸಾಲು ಓದಲು ಸಿಗುವುದು ಆ ಅಂಚಿನಲ್ಲೇ.